ಚಿರತೆಗೆ ಎಸೆದ ಕಲ್ಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 1985ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಈಗ ಮಾಗಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಬೆಳಗಿನಿಂದ ಮಾತಾಡಿದವರು ಸೋರುವ ಹೆಂಚು, ಬೆಂಚಿಲ್ಲದ ತರಗತಿ, ಮೇಷ್ಟ್ರ ಬೆತ್ತ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ. ನನಗೆ ಉಳಿದಿರುವುದು ಒಂದು ಹಳೆಯ ಬಾಕಿ ಮಾತ್ರ. ಫೀಸಿನ ಬಾಕಿಯಲ್ಲ, ಉತ್ತರದ ಬಾಕಿ. ಒಂಬತ್ತನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು ನನ್ನ ಪ್ರಬಂಧದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದಿದ್ದರು. ಇವತ್ತಿನವರೆಗೂ ನಾನು ಅದಕ್ಕೆ ಉತ್ತರ ಕೊಟ್ಟಿಲ್ಲ. ಮೇಷ್ಟ್ರು ಇಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ.

ಆ ವರ್ಷ ಶಾಲೆಯಿಂದ ಮೈಸೂರಿಗೆ ಪ್ರವಾಸ ಹೊರಟಿತ್ತು. ಡಿಸೆಂಬರ್ ಬಂತೆಂದರೆ ಪ್ರವಾಸದ ಕಾಲ, ಈಗಲೂ ಹಾಗೇ. ಮನೆಯಲ್ಲಿ ನನ್ನನ್ನು ಕಳಿಸಲಿಲ್ಲ. ದುಡ್ಡಿನ ತಾಪತ್ರಯ ಒಂದು. ದೊಡ್ಡವಳಾದ ಹುಡುಗಿ ರಾತ್ರಿ ಹೊತ್ತು ಬಸ್ಸಿನಲ್ಲಿ ಬರುವುದು ಬೇಡ ಎಂಬುದು ಇನ್ನೊಂದು. ಹೋಗಿ ಬಂದವರು ಹುಲಿ, ಸಿಂಹ, ಜಿರಾಫೆ ಎಂದು ವಾರಗಟ್ಟಲೆ ವರ್ಣನೆ ಮಾಡಿದರು. ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಅಪ್ಪ ಏನೂ ಅನ್ನಲಿಲ್ಲ. ರಾಗಿ ಕಣ ಮುಗಿಯಿತು, ಸಂಕ್ರಾಂತಿ ಕಳೆಯಿತು, ಚಂದ್ರಂಕಿಯಿಂದ ಗೂಡು ಬಿಡಿಸಿದ್ದಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಬಂದ ಸಂಜೆ ಜೇಬಿನ ದುಡ್ಡನ್ನು ಅವ್ವನ ಕೈಗೆ ಕೊಟ್ಟು, "ನಾಳೆ ಬೆಳಿಗ್ಗೆ ಬುತ್ತಿ ಕಟ್ಟು, ಮೈಸೂರಿಗೆ ಹೋಗವ" ಅಂದರು. 1984ರ ಜನವರಿ ಅದು.

ಅಪ್ಪ, ಅವ್ವ, ನಾನು, ನನ್ನ ತಮ್ಮ, ನಾಲ್ಕೂ ಜನ ಕತ್ತಲಲ್ಲೇ ನಡೆದು ಬಿಡದಿ ಸ್ಟೇಷನ್ನಿಗೆ ಬಂದೆವು. ಆಗಿನ್ನೂ ಮೀಟರ್ ಗೇಜ್ ರೈಲು. ಮಂಜು ಎಷ್ಟಿತ್ತೆಂದರೆ ರೈಲಿನ ಸದ್ದು ಮೊದಲು ಬಂತು, ರೈಲು ಆಮೇಲೆ ಬಂತು. ಅಪ್ಪನ ಕಂಬಳಿಯೊಳಗೆ ನಾನು ಒಂದು ಕಡೆ, ತಮ್ಮ ಇನ್ನೊಂದು ಕಡೆ. ಬೆಳಕು ಹರಿಯುವ ಹೊತ್ತಿಗೆ ರಾಮನಗರದ ಬಂಡೆಗಳು ಕಂಡವು. ಮದ್ದೂರಿನಲ್ಲಿ ವಡೆ ಕೊಡಿಸಿದರು. ಅವರೆಕಾಳು ಹಾಕಿ ತಟ್ಟಿದ ಅಕ್ಕಿರೊಟ್ಟಿ ಬುತ್ತಿಯಲ್ಲಿತ್ತು. ಅದನ್ನು ಶ್ರೀರಂಗಪಟ್ಟಣ ದಾಟುವುದರೊಳಗೆ ತಿಂದು ಮುಗಿಸಿದ್ದೆವು.

ಮೃಗಾಲಯದ ಒಳಗೆ ಹೋದ ಮೇಲೆ ಅಪ್ಪ ಮಗುವಿನ ಹಾಗಾದರು. ಜಿರಾಫೆಯನ್ನು ಮೇಲಿಂದ ಕೆಳಗೆ ನೋಡಿ, "ಇದೇನಾದ್ರೂ ನಮ್ಮ ಮಾವಿನ ತೋಪಿಗೆ ನುಗ್ಗಿದ್ರೆ ಒಂದು ಕಾಯೂ ಉಳಿಯಕ್ಕಿಲ್ಲ" ಅಂದರು. ಸಿಂಹ ಗರ್ಜಿಸಿದಾಗ ಅವ್ವ ತಮ್ಮನನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನೀರುಕುದುರೆ ಬಾಯಿ ತೆರೆಯಲಿ ಎಂದು ಅರ್ಧ ಗಂಟೆ ಕಾದೆವು, ಅದು ತೆರೆಯಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಚಿರತೆಯ ಮುಂದೆ ಬಂದೆವು. ನಮ್ಮ ಕಡೆಯ ಮಕ್ಕಳಿಗೆ ಚಿರತೆ ಹೊಸದಲ್ಲ. ಅದರ ಹೆಸರು ಹೇಳಿಯೇ ನಮಗೆ ಊಟ ಮಾಡಿಸುತ್ತಿದ್ದರು. ಆದರೆ ಕಣ್ಣಾರೆ ನೋಡಿರಲಿಲ್ಲ. ಅದು ಹಲಗೆಯ ಮೇಲೆ, ಎಳೆ ಬಿಸಿಲು ಬೀಳುವ ಕಡೆ, ನಮಗೆ ಬೆನ್ನು ಹಾಕಿ ಮಲಗಿತ್ತು. ಜನ ಕೂಗಿದರು, ಚಪ್ಪಾಳೆ ತಟ್ಟಿದರು. ಏಳಲಿಲ್ಲ. ಇಷ್ಟು ದೂರ ಬಂದು ಬರೀ ಬೆನ್ನು ನೋಡಿ ಹೋಗುವುದೇ ಎಂದು ನನಗೆ ಸಿಟ್ಟು ಬಂತು. ಕಾಲ ಬಳಿ ಇದ್ದ ಜಲ್ಲಿಕಲ್ಲೊಂದನ್ನು ತೆಗೆದು ಬೀಸಿದೆ. ಹೊಲದಲ್ಲಿ ಗಿಳಿ ಓಡಿಸಿ ಅಭ್ಯಾಸವಾಗಿದ್ದ ಕೈ. ಕಲ್ಲು ಅದರ ಕಿವಿಯ ಹಿಂದೆ ತಾಗಿತು.

ಚಿರತೆ ಘರ್ಜಿಸಲಿಲ್ಲ, ಎಗರಲಿಲ್ಲ. ತಲೆ ತಿರುಗಿಸಿ ಒಂದು ಸಲ ನೋಡಿ, ಮತ್ತೆ ತಲೆ ಇಟ್ಟುಕೊಂಡಿತು.

ಖಾಕಿ ಕೋಟು ಹಾಕಿ, ಕಿವಿಗೆ ಮಫ್ಲರ್ ಸುತ್ತಿದ್ದ ವಯಸ್ಸಾದ ಕಾವಲುಗಾರರೊಬ್ಬರು ಓಡಿ ಬಂದರು. "ಯಾರಪ್ಪ ಕಲ್ಲು ಹೊಡೆದೋರು?" ಎಂದರು. ನನ್ನ ತಮ್ಮನ ಚಡ್ಡಿಯ ಜೇಬು ಗೋಲಿಗಳಿಂದ ಉಬ್ಬಿತ್ತು. ಎಲ್ಲರೂ ಅವನನ್ನೇ ನೋಡಿದರು. ಅಪ್ಪ ಅವನ ಕಪಾಳಕ್ಕೆ ಒಂದು ಕೊಟ್ಟರು. ನಾನು ಸುಮ್ಮನಿದ್ದೆ.

"ಹೊಡೀಬೇಡಿ ಯಜಮಾನ್ರೇ" ಎಂದು ಅವರೇ ತಡೆದರು. ತಮ್ಮನ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಅದು ರಾತ್ರಿ ತಿರುಗೋ ಪ್ರಾಣಿ ಕಣಪ್ಪ. ರಾತ್ರಿಯೆಲ್ಲ ಚಳಿ ತಿಂದದೆ, ಈಗ ಬಿಸಿಲು ಕಾಯ್ಕೊಂಡು ಮಲಗದೆ. ನಿಮ್ಮೂರಲ್ಲಿ ಜಗಲಿ ಮೇಲೆ ಬಿಸಿಲು ಕಾಯೋ ತಾತನಿಗೆ ಹಿಂಗೆ ಕಲ್ಲು ಹೊಡೀತೀಯಾ?" ಎಂದರು. ಅಪ್ಪ ಇದು ಎಲ್ಲಿಯದು ಎಂದು ಕೇಳಿದರು. "ಮಾಗಡಿ ಕಡೆಯಿಂದ ಬಂದಿದ್ದು ಅಂತ ಕೇಳಿದ್ದೀನಿ" ಅಂದರು ಅವರು. ಅಪ್ಪ ಆಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದರು. ವಾಪಸು ಬರುವಾಗ ರೈಲಿನಲ್ಲಿ ಅವ್ವನಿಗೆ, "ನಮ್ ಕಡೇದಂತೆ ಕಣೇ ಅದು" ಅಂದರು. ಬೇರೇನೂ ಹೇಳಲಿಲ್ಲ.

ಮುಂದಿನ ವಾರ ಮೇಷ್ಟ್ರು "ನಾನು ನೋಡಿದ ಒಂದು ಸ್ಥಳ" ಎಂದು ಪ್ರಬಂಧ ಕೊಟ್ಟರು. ನಾನು ಮೂರು ಪುಟ ಬರೆದೆ. "ಯಾರೋ ಪುಂಡ ಹುಡುಗರು ಚಿರತೆಗೆ ಕಲ್ಲೆಸೆದರು, ಅದನ್ನು ಕಂಡು ನನಗೆ ಬಹಳ ದುಃಖವಾಯಿತು" ಎಂದೂ ಬರೆದೆ. ಹತ್ತಕ್ಕೆ ಎಂಟು ಅಂಕ ಬಂತು. ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: "ವಿವರ ಚೆನ್ನಾಗಿದೆ. ಕಲ್ಲೆಸೆದವರು ಯಾರು?"

ಮೇಷ್ಟ್ರೇ, ನಾನೇ ಸರ್.

ತಮ್ಮನೂ ಅಲ್ಲಿ ಮೂರನೇ ಸಾಲಿನಲ್ಲಿದ್ದಾನೆ. ಅವನಿಗೆ ಹೋದ ವಾರ ಫೋನಿನಲ್ಲಿ ಹೇಳಿಕೊಂಡೆ, ಸಭೆಯಲ್ಲಿ ಮೊದಲ ಸಲ ಕೇಳಿ ಎದ್ದು ಹೋಗದಿರಲಿ ಎಂದು. "ಗೊತ್ತಿತ್ತು ಬುಡಕ್ಕ, ನಿನ್ನ ಪಕ್ಕದಲ್ಲೇ ತಾನೇ ನಿಂತಿದ್ದೆ" ಅಂದ.

ನಾನೀಗ ಪ್ರತಿ ಚಳಿಗಾಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಅದೇ ಮೃಗಾಲಯಕ್ಕೆ ಹೋಗುತ್ತೇನೆ. ಹೋಗುವ ಮುಂಚೆ ಅದರ ಕಥೆ ಹೇಳುತ್ತೇನೆ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಅರಮನೆಯ ಮೃಗಾಲಯವಾಗಿ ಶುರು ಮಾಡಿದ್ದು, ಆಗ ಇದ್ದದ್ದು ಹತ್ತು ಎಕರೆ. 1909ರಲ್ಲಿ ಅವರ ಹೆಸರನ್ನೇ ಇಟ್ಟರು. ಎ.ಸಿ. ಹ್ಯೂಸ್ ಎಂಬುವರು ಮೊದಲ ಸೂಪರಿಂಟೆಂಡೆಂಟರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ನೋಡಿಕೊಂಡರು. ಲಾಲ್‌ಬಾಗಿನ ಮಾತು ಬಂದಾಗ ನಾವು ಕೇಳುವ ಜರ್ಮನಿಯ ಕ್ರುಂಬಿಗಲ್ ಅವರ ಕೈ ಇಲ್ಲಿನ ತೋಟದಲ್ಲೂ ಇದೆ. ರಾಜರ ಕಾಲದ ನಂತರ ತೋಟಗಾರಿಕೆಯವರ ಕೈಗೆ, 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಮೃಗಾಲಯ ಪ್ರಾಧಿಕಾರಕ್ಕೆ ಬಂತು. ಮಕ್ಕಳಿಗೆ ಇಸವಿಗಳು ನೆನಪಿರುವುದಿಲ್ಲ. ಹತ್ತು ಎಕರೆ ಎಂದರೆ ನಮ್ಮೂರಿನ ಯಾರ ತೋಪಿನಷ್ಟು ಎಂದು ಹೇಳಿದರೆ ಮಾತ್ರ ನೆನಪಿರುತ್ತದೆ.

ಮಂಗಳವಾರ ರಜೆ ಏಕೆ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮೈಸೂರಿಗೂ ಮಂಗಳವಾರ ರಜೆ, ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ರಜೆ ನೌಕರರಿಗಿಂತ ಹೆಚ್ಚಾಗಿ ಪ್ರಾಣಿಗಳಿಗೆ ಎಂದರೆ ಮಕ್ಕಳಿಗೆ ಬಹಳ ಖುಷಿ. ವಾರವೆಲ್ಲ ನಮ್ಮ ಗಲಾಟೆ ತಡೆದುಕೊಳ್ಳುವ ಜೀವಕ್ಕೆ ಒಂದು ದಿನ ಬೇಡವೇ? ಡಿಸೆಂಬರಿನ ಕೊನೆಯ ವಾರ ಮೈಸೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮನೆಯವರನ್ನು ಕರೆದುಕೊಂಡು ಹೋಗುವುದಾದರೆ ಜನವರಿಯಲ್ಲಿ, ವಾರದ ನಡುವೆ, ಬೆಳಿಗ್ಗೆ ಬೇಗ ಹೋಗಿ. ಚಳಿಗೆ ಹುಲಿ ಚಿರತೆಗಳು ಬಿಸಿಲು ಹುಡುಕಿಕೊಂಡು ಹೊರಗೆ ಬಂದಿರುತ್ತವೆ. ಬೇಸಿಗೆಯಲ್ಲಿ ಹೋದರೆ ಎಲ್ಲ ನೆರಳು ಹಿಡಿದು ಮಲಗಿರುತ್ತವೆ, ನೀವು ನೋಡುವುದು ಪೊದೆಯನ್ನು. ಹಾವುಗಳ ಕೋಣೆಯಲ್ಲಿ ಬಲ್ಬು ಉರಿಯುತ್ತಿದ್ದರೆ ಅದು ನಮಗೆ ಕಾಣಲೆಂದಲ್ಲ, ಅವಕ್ಕೆ ಶಾಖಕ್ಕೆ. ಇನ್ನೊಂದು ವಿಷಯ, ಚಳಿಗಾಲ ಕಳೆಯುತ್ತಾ ಬಂದಂತೆ ಅಲ್ಲಿನ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವನ್ನು ಯಾರೂ ಹಿಡಿದು ತಂದಿಲ್ಲ. ಅವೇ ಹಾರಿ ಬಂದು, ಮರಿ ಮಾಡಿ, ಹಾರಿ ಹೋಗುತ್ತವೆ. "ಟಿಕೆಟ್ ಇಲ್ಲದೆ ಬಂದವು ಮಿಸ್" ಎಂದು ನನ್ನ ಹುಡುಗಿಯೊಬ್ಬಳು ಹೇಳಿದ್ದಳು.

ಮೈಸೂರಿನಲ್ಲಿ ಪೋಲೊ ಎಂಬ ಗೊರಿಲ್ಲಾ ಇದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಬಂದವನು. ಎಷ್ಟೋ ವರ್ಷ ಇಡೀ ದೇಶಕ್ಕೆ ಅವನೊಬ್ಬನೇ ಗೊರಿಲ್ಲಾ. ನನ್ನ ಮಕ್ಕಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಅವನಿಗೆ ಜೊತೆ ಯಾರೂ ಇಲ್ವಾ ಮಿಸ್?" 2014ರಲ್ಲಿ ಅವನು ಸತ್ತಾಗ ನಾಲ್ಕನೇ ಕ್ಲಾಸಿನಲ್ಲಿ ಇಬ್ಬರು ಅತ್ತರು. 2021ರಲ್ಲಿ ಜರ್ಮನಿಯಿಂದ ತಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾ ಬಂದಿವೆ. ಒಂದಕ್ಕೊಂದು ಜೊತೆಯಾದರೂ ಇದೆ.

ಇದೆಲ್ಲ ದೂರದಿಂದ ಬಂದ ಪ್ರಾಣಿಗಳ ಮಾತಾಯಿತು. ನಾನು ಹೇಳಬೇಕೆಂದು ಬಂದದ್ದು ನಮ್ಮ ಕಡೆಯದರ ಮಾತು.

2013ರ ಚಳಿಗಾಲ. ಬಿಡದಿಯಿಂದ ಒಳಗಿರುವ ನಮ್ಮ ಹಳ್ಳಿಯಲ್ಲಿ ಚಿರತೆ ಕಾಟ ಶುರುವಾಯಿತು. ಮೊದಲು ನಾಯಿಗಳು ಹೋದವು. ಆಮೇಲೆ ಅಪ್ಪನ ಎರಡು ಕುರಿ ಹೋದವು. ಒಂದು ಗಬ್ಬದ ಕುರಿ. ಕುರಿ ಕಳಕೊಂಡವರ ಸಂಕಟ ನನಗೆ ಗೊತ್ತು. ಅದನ್ನು ಸಣ್ಣದು ಮಾಡಿ ಮಾತಾಡುವವಳಲ್ಲ ನಾನು. ಸಂಜೆಯಾದರೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಊರಿನವರು ಹೋಗಿ ಕೇಳಿಕೊಂಡ ಮೇಲೆ ತೆಂಗಿನ ತೋಟದಲ್ಲಿ ಬೋನು ಇಟ್ಟರು. ಎಂಟನೇ ದಿನ ಬೆಳಗಿನ ಜಾವ ಬಿತ್ತು.

ಭಾನುವಾರವಾದ್ದರಿಂದ ನಾನೂ ಊರಿನಲ್ಲಿದ್ದೆ. ನಾನು ಹೋಗುವ ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಊರಿನ ಜನ ಸೇರಿದ್ದರು. ತೋಟದ ಬೇಲಿ ಮುರಿದಿತ್ತು. ಎಲ್ಲರ ಕೈಯಲ್ಲೂ ಮೊಬೈಲ್. ಚಿರತೆ ಕಂಬಿ ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ ಮಾಡಿಕೊಂಡಿತ್ತು. ಒಂದು ಕೋರೆಹಲ್ಲು ಮುರಿದಿತ್ತು. ಯಾರೋ ಕೋಲಿನಿಂದ ತಿವಿದರು, ಅದು ಹಾರಿ ಬಡಿದುಕೊಂಡಿತು, ಜನ ನಕ್ಕರು. ಒಂದು ಕಲ್ಲು ಬಂತು. ಇನ್ನೊಂದು ಬಂತು. ಎಸೆದವನು ಹದಿಮೂರು ಹದಿನಾಲ್ಕರ ಹುಡುಗ. ನನ್ನದೇ ಆಗಿನ ವಯಸ್ಸು. ನಾನು ಮೇಡಮ್ಮು, ಹೋಗಿ ಗದರಿಸಬೇಕಿತ್ತು. ಬಾಯಿ ಬರಲಿಲ್ಲ.

ಅಷ್ಟರಲ್ಲಿ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಹೋದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಊರುಗೋಲು. ಹೊದ್ದಿದ್ದ ಕಂಬಳಿ ತೆಗೆದು ಬೋನಿನ ಮೇಲೆ ಹಾಕಿದರು. ಎರಡು ಬದಿ ಮುಚ್ಚಿತು. ಒಳಗಿನ ಬಡಿದಾಟ ಹತ್ತು ಎಣಿಸುವಷ್ಟರಲ್ಲಿ ನಿಂತುಹೋಯಿತು. "ಯಾಕ್ ತಾತ, ನಿನ್ನ ಕುರೀನೇ ತಿಂದದಲ್ಲ ಅದು?" ಎಂದು ಒಬ್ಬ ಕೂಗಿದ. ಅಪ್ಪ ತಿರುಗಿ, "ತಿಂದದೆ, ಅದಕ್ಕೇ ತಾನೇ ಸಿಕ್ಕಾಕೊಂಡಿರದು. ಇನ್ನೇನ್ ಮಾಡ್ಬೇಕು ಅಂತಿ?" ಅಂದರು.

ಅರಣ್ಯದವರು ಬಂದ ಮೇಲೆ, ಅಪ್ಪ ಮಾಡಿದ್ದೇ ಸರಿ ಎಂದರು. ಸಿಕ್ಕಿಬಿದ್ದ ಪ್ರಾಣಿಗೆ ಜನ ಕಾಣದಂತೆ ಮುಚ್ಚಿದರೆ ಗಾಬರಿ ಇಳಿಯುತ್ತದಂತೆ. ಅವರು ಮಾಡುವುದೂ ಅದನ್ನೇ. ಬೋನನ್ನು ಕಂಬಳಿಯ ಸಮೇತ ಗಾಡಿಗೆ ಏರಿಸಿದರು. ಅಪ್ಪ ಆ ಚಳಿಯಲ್ಲಿ ಬರೀ ಬನಿಯನ್ನಿನಲ್ಲಿ ಮನೆಗೆ ಬಂದರು. ಕಂಬಳಿ ವಾಪಸು ಕೇಳಲಿಲ್ಲ. ಮದುವೆಗೆ ಮುಂಚಿನ ಕಂಬಳಿ ಅದು, ಮೈಸೂರಿಗೆ ಹೊದ್ದು ಹೋದದ್ದೂ ಅದೇ. ಅವ್ವ ತಿಂಗಳುಗಟ್ಟಲೆ ಬೈದಳು.

ಹಾಗೆ ಹೋದ ಚಿರತೆಗಳು ಎಲ್ಲಿಗೆ ಹೋಗುತ್ತವೆ? ಎಷ್ಟೋ ಸಲ ಕಾಡಿಗೆ ಬಿಡುತ್ತಾರೆ. ಗಾಯವಾದದ್ದು, ಹಲ್ಲು ಮುರಿದದ್ದು, ಬೇಟೆಯಾಡಲಾರದ್ದು ಬನ್ನೇರುಘಟ್ಟಕ್ಕೋ ಮೈಸೂರಿಗೋ ಸೇರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಒಂದು ಹಲ್ಲು ಮುರಿಯಲು ಎಷ್ಟು ಹೊತ್ತು ಬೇಕು? ನಾವು ನಾಲ್ಕು ಊರಿನವರು ಸೇರಿ ಕೂಗಿದರೆ ಅರ್ಧ ಗಂಟೆ ಸಾಕು. ಇದನ್ನು ಹಳ್ಳಿಯವರ ಮುಂದೆ ಹೇಳುವುದು ನಿಷ್ಠುರದ ಮಾತು. ಆದರೆ ನಾನೂ ಹಳ್ಳಿಯವಳೇ, ಹೇಳಬಹುದು.

ಕಾಡಿಗೆ ಬಿಟ್ಟದ್ದಕ್ಕೂ ಸುಖವಿಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ ವಿದ್ಯಾ ಅತ್ರೇಯ ಎಂಬ ವಿಜ್ಞಾನಿ ಮತ್ತು ಜೊತೆಗಾರರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಒಂದು ಕಡೆ ಹಿಡಿದ ಚಿರತೆಗಳನ್ನು ಇನ್ನೊಂದು ಕಡೆ ಬಿಟ್ಟ ಮೇಲೆ, ಬಿಟ್ಟ ಜಾಗದ ಸುತ್ತಲಿನ ಊರುಗಳಲ್ಲಿ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತು ಎಂದು 2011ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕೇಂದ್ರ ಸರ್ಕಾರದ ಪರಿಸರ ಸಚಿವಾಲಯ, ಚಿರತೆ ಕಂಡಿತು ಎಂಬ ಮಾತ್ರಕ್ಕೆ ಹಿಡಿಯುವುದು ಬೇಡ ಎಂದು ಮಾರ್ಗಸೂಚಿ ಹೊರಡಿಸಿತು. ನಮ್ಮ ರಾಜ್ಯದಲ್ಲಿ ಸಂಜಯ್ ಗುಬ್ಬಿ ಅವರು ಚಿರತೆಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿ, ಕನ್ನಡದಲ್ಲೂ ಬರೆಯುತ್ತಿದ್ದಾರೆ. ಓದಬೇಕು. ನನಗೆ ಅರ್ಥವಾದಷ್ಟು ಹೇಳುವುದಾದರೆ, ಚಿರತೆಗೆ ತನ್ನ ಜಾಗ ಎಂಬುದಿರುತ್ತದೆ. ನಿಮ್ಮೂರಿನದನ್ನು ಹಿಡಿದು ಕಳಿಸಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಇನ್ನೊಂದು ಬರುತ್ತದೆ. ಬಂಡೆ, ಕುರುಚಲು, ನಾಯಿ, ಎಸೆದ ಕೋಳಿ ತ್ಯಾಜ್ಯ ಇರುವವರೆಗೆ ಬರುತ್ತಲೇ ಇರುತ್ತದೆ. ರಾಮದೇವರ ಬೆಟ್ಟ, ಸಾವನದುರ್ಗ, ಹಂದಿಗುಂದಿ, ಇವೆಲ್ಲ ನಮಗಿಂತ ಮೊದಲು ಅವುಗಳ ಮನೆ. ಆ ಚಳಿಗಾಲದ ಮೇಲೆ ನಮ್ಮೂರಿನಲ್ಲಿ ಕುರಿ ಕೊಟ್ಟಿಗೆಗಳಿಗೆ ಮೇಲೂ ಜಾಲರಿ ಹಾಕಿದೆವು. ಖರ್ಚಾಯಿತು. ಆಮೇಲೆ ನಮ್ಮ ಮನೆಯ ಕುರಿ ಹೋಗಿಲ್ಲ. ಚಿರತೆ ಈಗಲೂ ಬರುತ್ತದೆ, ಹೆಜ್ಜೆ ಕಾಣುತ್ತದೆ. ಹೋಗುತ್ತದೆ.

ಕಬ್ಬು ಕಡಿಯುವ ಕಾಲದಲ್ಲಿ ಚನ್ನಪಟ್ಟಣ, ಮದ್ದೂರು, ಮಂಡ್ಯದ ಕಡೆ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕಿದ ಸುದ್ದಿ ಪೇಪರಿನಲ್ಲಿ ಬರುತ್ತದೆ. ಮಕ್ಕಳೇ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮರಿ ಸಿಕ್ಕರೆ ಮುಟ್ಟಬೇಡಿ, ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಡಿ. ತಾಯಿ ದೂರ ಹೋಗಿರುವುದಿಲ್ಲ. ಕೆಲಸ ನಿಲ್ಲಿಸಿ ಜನ ದೂರ ಸರಿದರೆ ಎಷ್ಟೋ ಸಲ ರಾತ್ರಿ ಬಂದು ಕಚ್ಚಿಕೊಂಡು ಹೋಗುತ್ತದೆ. ಮನೆಗೆ ತಂದಿರೋ, ಅದಕ್ಕೆ ಜೀವಮಾನವೆಲ್ಲ ಮೃಗಾಲಯವೇ ಗತಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಹತ್ತೊಂಬತ್ತು ಇಪ್ಪತ್ತಾರು. ಬರೆದುಕೊಳ್ಳಿ. ಮೇಷ್ಟ್ರುಗಳು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರೂ ಸರಿಯೇ.

ಪ್ರಾಣಿಗಳ ಜೊತೆ ಬಾಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ಇಲ್ಲಿಂದ ಮೈಸೂರು ಹೆದ್ದಾರಿಯಲ್ಲಿ ಹೋಗಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿದರೆ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರ, ಅರಳಿ ಮರಗಳ ಮೇಲೆ, ಮನೆಯ ಸೂರಿನ ಪಕ್ಕದಲ್ಲೇ ಗೂಡು ಕಟ್ಟುತ್ತವೆ. ಬೇಲಿಯಿಲ್ಲ, ಟಿಕೆಟಿಲ್ಲ. ವಾಸನೆ ಇದೆ, ಗಲಾಟೆ ಇದೆ, ಬಟ್ಟೆ ಒಣಹಾಕುವಂತಿಲ್ಲ. ಆದರೂ ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂದು ಜನ ಸಹಿಸಿಕೊಂಡು ಬಂದಿದ್ದಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಮೃಗಾಲಯಕ್ಕೆ ಹೋಗಿ ಬರುವ ದಾರಿಯಲ್ಲೇ ಇದೆ, ಮಕ್ಕಳಿಗೆ ಎರಡನ್ನೂ ಒಂದೇ ದಿನ ತೋರಿಸಬಹುದು. ಚಿರತೆ ಕೊಕ್ಕರೆಯಲ್ಲ, ಒಪ್ಪಿದೆ. ಕೊಕ್ಕರೆ ಕುರಿ ತಿನ್ನುವುದಿಲ್ಲ.

ಅಪ್ಪ 2022ರಲ್ಲಿ ತೀರಿಕೊಂಡರು. ಕಳೆದ ಡಿಸೆಂಬರಿನಲ್ಲಿ ಅವ್ವ, "ಒಂದ್ಸಲ ಹುಲಿ ಸಿಂಹ ತೋರಿಸ್ರಪ್ಪ, ಮೈಸೂರು ನೋಡಿ ಯಾವ ಕಾಲವಾಯ್ತೋ" ಅಂದಳು. ಮೈಸೂರು ಅವಳ ಮಂಡಿಗೆ ದೂರ. ಅದಕ್ಕೆ ತಮ್ಮನ ಕಾರಿನಲ್ಲಿ ಬೈರಮಂಗಲ, ಹಾರೋಹಳ್ಳಿ, ಕಗ್ಗಲೀಪುರದ ಮೇಲೆ ಬನ್ನೇರುಘಟ್ಟಕ್ಕೆ ಹೋದೆವು. ಬೈರಮಂಗಲ ಕೆರೆಯ ಹತ್ತಿರ ಕಾರಿನ ಗಾಜು ಏರಿಸಿಕೊಂಡೆವು. ಯಾಕೆ ಎಂದು ಇಲ್ಲಿ ಕೂತಿರುವವರಿಗೆ ಹೇಳಬೇಕಿಲ್ಲ, ಬೆಂಗಳೂರಿನ ವೃಷಭಾವತಿ ನಮಗೆ ಕೊಡುವ ಉಡುಗೊರೆ ಅದು. ಜೊತೆಗೆ ನನ್ನ ಮೊಮ್ಮಗಳು, ಆರು ವರ್ಷ.

ಸಫಾರಿ ಬಸ್ಸಿನಲ್ಲಿ ಕೂತು ಹುಲಿ ಸಿಂಹ ನೋಡಿದೆವು. ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಕರಡಿ, ಕೋತಿ, ಚಿರತೆ ಕುಣಿಸಬಾರದೆಂದು 1998ರಲ್ಲಿ ಆದೇಶವಾಗಿ, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, ಕೆಲಸ ಕಳಕೊಂಡ ಎಷ್ಟೋ ಹುಲಿ ಸಿಂಹಗಳಿಗೆ ಬನ್ನೇರುಘಟ್ಟ ಆಸರೆಯಾಯಿತು. ಅವ್ವನಿಗೆ ಇದನ್ನು ಹೇಳಿದರೆ, "ಪೆನ್ಸನ್ ಬಂತು ಅನ್ನು" ಅಂದಳು. ಚಿರತೆಗಳಿಗೂ 2024ರ ಜೂನ್‌ನಲ್ಲಿ ಇಪ್ಪತ್ತು ಹೆಕ್ಟೇರ್ ಜಾಗದಲ್ಲಿ ಬೇರೆ ಸಫಾರಿ ಮಾಡಿದ್ದಾರೆ. ಬಂಡೆಗಳಿವೆ, ಮರಗಳಿವೆ. ನಮ್ಮ ರಾಮನಗರದ ಬೆಟ್ಟದ ಹಾಗೇ ಕಾಣುತ್ತದೆ. ಒಂದು ಚಿರತೆ ಬಂಡೆಯ ಮೇಲೆ ಬಿಸಿಲಿಗೆ ಮಲಗಿತ್ತು. ವಯಸ್ಸಾದಂತೆ ಕಂಡಿತು. ಬಸ್ಸು ನಿಂತಾಗ ತಲೆ ತಿರುಗಿಸಿ, ಬಾಯಿ ತೆರೆದು ಆಕಳಿಸಿತು. ಒಂದು ಕೋರೆಹಲ್ಲು ಇರಲಿಲ್ಲ.

ಅವ್ವ ಕಿಟಕಿಯ ಜಾಲರಿ ಹಿಡಿದುಕೊಂಡು, "ಅದೇ ಕಣೇ" ಅಂದಳು.

ನಾನು ಏನೂ ಹೇಳಲಿಲ್ಲ. ಹಲ್ಲು ಮುರಿದ ಚಿರತೆ ಎಷ್ಟೋ ಇರುತ್ತವೆ. ನಡುವೆ ಹನ್ನೊಂದು ವರ್ಷ ಕಳೆದಿದೆ. ಚಿರತೆ ಮೃಗಾಲಯದಲ್ಲಿ ಇಪ್ಪತ್ತು ವರ್ಷದವರೆಗೂ ಬದುಕುವುದುಂಟು, ಆದ್ದರಿಂದ ಅಲ್ಲವೇ ಅಲ್ಲ ಎನ್ನಲೂ ಆಗುವುದಿಲ್ಲ. ಮೊಮ್ಮಗಳು, "ಎಬ್ಸಿ ಅಜ್ಜಿ, ಅದು ಎದ್ದೇಳ್ಲಿ, ನಾನು ನೋಡ್ಬೇಕು" ಎಂದು ಹಟ ಹಿಡಿದಳು. ಮೂರನೇ ಸೀಟಿನಿಂದ ನನ್ನ ತಮ್ಮ ನನ್ನ ಮುಖ ನೋಡಿದ. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ರಾತ್ರಿಯೆಲ್ಲ ಚಳಿ ತಿಂದದೆ, ಈಗ ಬಿಸಿಲು ಕಾಯ್ಕೊಂಡು ಮಲಗದೆ ಎಂದೆ. ಖಾಕಿ ಕೋಟಿನ ಆ ಯಜಮಾನರ ಮಾತು ಅಷ್ಟು ವರ್ಷದ ಮೇಲೆ ಅದೇ ಧಾಟಿಯಲ್ಲಿ ಬಾಯಿಗೆ ಬಂತು.

ಇಳಿಯುವಾಗ ಅವ್ವ ಬಸ್ಸಿನ ಸಿಬ್ಬಂದಿಯನ್ನು ಹಿಡಿದು ನಿಲ್ಲಿಸಿ, "ಅದಕ್ಕೆ ರಾತ್ರಿ ಹೊತ್ತು ಚಳಿಗೆ ಏನಾದ್ರೂ ಹೊದಿಸ್ತೀರಾ?" ಎಂದು ಕೇಳಿದಳು. ಆ ಹುಡುಗ ನಗಲಿಲ್ಲ. "ಒಳಗೆ ಮನೆ ಇದೆ ಅಜ್ಜಿ, ಗಾಳ್ಗೀಳು ಬರಲ್ಲ" ಅಂದ. ದಾರಿಯುದ್ದಕ್ಕೂ ಅವ್ವ ಮಾತಾಡಲಿಲ್ಲ. ಹಾರೋಹಳ್ಳಿ ದಾಟಿದ ಮೇಲೆ, "ಆ ಕಂಬಳಿ ಯಾರ್ ಹೊದ್ಕೊಂಡ್ರೋ" ಅಂದಳು.

ಇನ್ನು ಒಂದು ವ್ಯವಹಾರದ ಮಾತು ಹೇಳಿ ಮುಗಿಸುತ್ತೇನೆ. ಮೈಸೂರಿನಲ್ಲೂ ಬನ್ನೇರುಘಟ್ಟದಲ್ಲೂ ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇದೆ. ಮೈಸೂರಿನಲ್ಲಿ 2001ರಿಂದ ನಡೆಯುತ್ತಿದೆ. ಮನೆಗೇನೂ ತರಬೇಕಿಲ್ಲ, ಹೆದರಬೇಡಿ. ಒಂದು ವರ್ಷದ ಮೇವು, ಆಹಾರದ ಖರ್ಚಿಗೆ ಹಣ ಕಟ್ಟುವುದು. ಹಕ್ಕಿಯಿಂದ ಆನೆಯವರೆಗೆ ಒಂದೊಂದಕ್ಕೆ ಒಂದೊಂದು ದರ. ಸುವರ್ಣ ಮಹೋತ್ಸವಕ್ಕೆ ನಮ್ಮ ಬ್ಯಾಚಿನವರು ಶಾಲೆಯ ಮುಂದೆ ಕಮಾನು ಕಟ್ಟಿಸಲು ಹಣ ಕೂಡಿಸಿದ್ದರು. ಕಮಾನು ಬೇಡ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಊಟ ಸಿಗುವುದಿಲ್ಲ. ಕಮಾನಿಗೆ ಆಗಿ ಮಿಕ್ಕ ಹಣಕ್ಕೆ ಇನ್ನಷ್ಟು ಸೇರಿಸಿ, ಈ ಶಾಲೆಯ ಮಕ್ಕಳ ಹೆಸರಿನಲ್ಲಿ ಬನ್ನೇರುಘಟ್ಟದ ಒಂದು ಚಿರತೆಯ ಒಂದು ವರ್ಷದ ಖರ್ಚು ಕಟ್ಟೋಣ ಎಂದು ಕೆಲವರು ಮಾತಾಡಿಕೊಂಡಿದ್ದೇವೆ. ಕುರಿ ಕಳಕೊಂಡವರು ಕೊಡಲೇಬೇಕೆಂದೇನಿಲ್ಲ. ಅವ್ವ ಮಾತ್ರ ಐನೂರು ರೂಪಾಯಿ ಕೊಟ್ಟಿದ್ದಾಳೆ, ಮೊದಲ ಹೆಸರು ಅವಳದೇ.

ಪುಸ್ತಕ ನನ್ನ ತಮ್ಮನ ಹತ್ತಿರ ಇದೆ, ಮೂರನೇ ಸಾಲು, ನೀಲಿ ಸ್ವೆಟರ್. ಬರೆಸುವವರು ಊಟಕ್ಕೆ ಮುಂಚೆ ಬರೆಸಿ. ಊಟವಾದ ಮೇಲೆ ಅವನು ಬಿಸಿಲು ನೋಡಿ ಮಲಗಿಬಿಡುತ್ತಾನೆ, ಎಬ್ಬಿಸಲು ನಾನು ಬರುವುದಿಲ್ಲ.